ಗೆರೆ ತಪ್ಪಿದ ಗೂಡು

ನಮ್ಮ ಬಚ್ಚಲುಮನೆಗೆ ಟೈಲ್ಸ್ ಹಾಕಿದವರನ್ನು ಊರೆಲ್ಲ ಗೆರೆ ಮೇಸ್ತ್ರಿ ಎಂದೇ ಕರೆಯುತ್ತದೆ. ಎರಡು ಟೈಲ್ಸ್ ನಡುವಿನ ಗೆರೆ ನೂಲೆಳೆಯಷ್ಟು ಆಚೀಚೆಯಾದರೂ ಆ ಮನುಷ್ಯನಿಗೆ ಊಟ ಸೇರುವುದಿಲ್ಲ. ನೆಂಟರ ಮನೆಗೆ ಹೋದರೂ ಮೊದಲು ನೋಡುವುದು ಬಚ್ಚಲಿನ ಗೋಡೆಯನ್ನಂತೆ, ಆಮೇಲೆ ನೆಂಟರನ್ನು. ಇದು ಅವರ ಹೆಂಡತಿಯೇ ಹೇಳಿದ ಮಾತು.

ಸೋಪು, ಶಾಂಪೂ ಇಡಲು ಗೋಡೆಯೊಳಗೇ ಕೊರೆದು ಮಾಡುವ ಗೂಡಿನಲ್ಲಿ ಅವರದು ಎತ್ತಿದ ಕೈ. ಬೇರೆಯವರು ಗೋಡೆ ಮುಗಿಸಿ, ಗೂಡು ಎಲ್ಲಿ ಮಾಡಲಿ ಎಂದು ತಲೆ ಕೆರೆದುಕೊಳ್ಳುತ್ತಾರೆ. ಇವರು ಗೂಡಿನಿಂದಲೇ ಶುರು ಮಾಡುತ್ತಾರೆ. ಮೊದಲ ದಿನವೇ "ಸ್ನಾನಕ್ಕೆ ಬಳಸೋ ಬಾಟ್ಲಿ, ಡಬ್ಬಿ ಎಲ್ಲಾ ತನ್ನಿ" ಎಂದರು. ಎಲ್ಲವನ್ನೂ ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲಕ್ಕಿಂತ ಉದ್ದದ ಬಾಟಲಿಯ ಮೇಲೆ ಎರಡು ಬೆರಳು ಬಿಟ್ಟು ಗೂಡಿನ ಎತ್ತರ ಬರೆದುಕೊಂಡರು. ಆಮೇಲೆ ಟೈಲ್ಸನ್ನು ನೆಲದ ಮೇಲೆ ಹರಡಿ, ಗೂಡಿನ ನಾಲ್ಕು ಅಂಚೂ ಗೆರೆಗೇ ಬಂದು ಕೂರುವಂತೆ ಹೊಂದಿಸುತ್ತ ಒಂದು ಇಡೀ ಬೆಳಗು ಮಂಡಿಯೂರಿದ್ದರು.

ಇಷ್ಟೆಲ್ಲ ನಡೆದದ್ದು ನನ್ನ ಅತ್ತೆಗಾಗಿ. ಮಂಡಿ ಸವೆದು ಅವರು ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಬೇಕು. ಭುಜ ಹಿಡಿದುಕೊಂಡು ಕೈ ಎದೆಮಟ್ಟ ದಾಟಿ ಏಳುವುದಿಲ್ಲ. ನೆಲದ ಮೇಲಿನ ಸೋಪಿಗೆ ಬಗ್ಗಿದರೆ ತಲೆಸುತ್ತು. ಹಾಗಾಗಿ ಎರಡು ವರ್ಷದಿಂದ ಸೋಪು ಹಚ್ಚುವ ಕೆಲಸ ನನ್ನದು. ನನಗೇನೂ ಬೇಸರವಿರಲಿಲ್ಲ, ಅವರಿಗಿತ್ತು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಹೆಂಗಸು ಆ ಹತ್ತು ನಿಮಿಷ ತುಟಿ ಬಿಗಿದು ಗೋಡೆ ನೋಡುತ್ತ ಕೂರುತ್ತಿದ್ದರು. ಒಮ್ಮೆ ಮಾತ್ರ ಬಾಯಿಬಿಟ್ಟಿದ್ದರು: "ಸಾಯೋದ್ರೊಳಗೆ ಚಿಲಕ ಹಾಕ್ಕೊಂಡು ಒಬ್ಬಳೇ ಸ್ನಾನ ಮಾಡ್ಬೇಕು ಕಣೇ."

ಆದರೆ ಅಳತೆಯ ದಿನ ಅತ್ತೆ ಏನು ಮಾಡಿದರು ಗೊತ್ತೇ? ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು, ಗೋಡೆಯೆದುರು ಸೆಟೆದು ನಿಂತರು. ಹಲ್ಲುಕಚ್ಚಿ ನೋವು ನುಂಗಿ ಕೈ ಚಾಚಿ, "ಇಲ್ಲಿಗೆ ಇರ್ಲಿ ಮೇಸ್ತ್ರಿ. ನನಗೇನಾಗಿದೆ!" ಎಂದರು. ಹೊರಗಿನವರ ಮುಂದೆ ಮುದುಕಿಯಾಗಲು ಅವರಿಗೆ ಮನಸ್ಸಿಲ್ಲ, ಹೊರಗಿನವರ ಮುಂದೆ ಅತ್ತೆಯ ಮಾತು ತೆಗೆದುಹಾಕಲು ನನಗೆ ಬಾಯಿಲ್ಲ. ಅತ್ತೆಯ ಕೈ ನಿಂತ ಜಾಗವೂ ಮೇಸ್ತ್ರಿ ಗೋಡೆಯ ಮೇಲೆ ಗುರುತು ಹಾಕಿಕೊಂಡಿದ್ದ ಟೈಲ್ಸ್ ಗೆರೆಯೂ ಒಂದೇ ಆಗಿಬಿಟ್ಟಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ ಮೇಸ್ತ್ರಿ ಹಿಗ್ಗಿಹೋದರು.

ಎಂಥ ಗೂಡು ಅದು! ಒಂದು ಟೈಲ್ಸನ್ನೂ ಕತ್ತರಿಸಿದಂತೆ ಕಾಣುತ್ತಿರಲಿಲ್ಲ. ನೀರು ನಿಲ್ಲದಂತೆ ತಳಕ್ಕೆ ಕಂಡೂ ಕಾಣದ ಇಳಿಜಾರು. ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗೆ ಬಂದಾಗ ಹೇಗಿತ್ತೆಂದು ಕೇಳಿದೆ. "ಬಹಳ ಚೆನ್ನಾಗಿದೆ" ಎಂದರು. ನಾನೂ ಪೆದ್ದಿಯ ಹಾಗೆ ನಂಬಿದೆ.

ಐದನೆಯ ದಿನ ಮೇಸ್ತ್ರಿ ಬಂದರು. ಕೆಲಸ ಮುಗಿದ ಮೇಲೆ ಒಮ್ಮೆ ಬಂದು, ಗೂಡಿನಲ್ಲಿ ನೀರು ನಿಂತಿದೆಯೋ ಎಂದು ಬೆರಳಿಟ್ಟು ನೋಡುವುದು ಅವರ ಪದ್ಧತಿ. ಅತ್ತೆಯ ಸ್ನಾನ ಆಗಷ್ಟೇ ಮುಗಿದಿತ್ತು, ನೆಲವೆಲ್ಲ ಒದ್ದೆ. ಗೂಡಿನಲ್ಲಿ ಅತ್ತೆಗೆಂದೇ ಇಟ್ಟಿದ್ದ ಹೊಸ ಸೋಪನ್ನು ಮೇಸ್ತ್ರಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅದರ ಮೇಲಿನ ಅಚ್ಚಿನ ಅಕ್ಷರವೂ ಸವೆದಿರಲಿಲ್ಲ.

ಇಷ್ಟು ದಿನ ಬರೀ ನೀರು ಹುಯ್ದುಕೊಂಡು ಬಂದಿದ್ದಾರೆ! ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಕಣ್ಣಲ್ಲೇ ನನ್ನನ್ನು ತಡೆದು ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ತಪ್ಪು ನಂದು. ಸ್ಟೂಲು ಕಣ್ಣೆದುರಿಗೇ ಇತ್ತು. ಆದ್ರೂ ನಿಂತವರ ಅಳತೆ ತಗೊಂಡೆ. ನನ್ನ ಗೆರೆಗೆ ಸರಿಹೋಯ್ತಲ್ಲ ಅನ್ನೋ ಖುಷಿಗೆ ಮುಂದೆ ಕೇಳ್ಲೇ ಇಲ್ಲ. ಈಗ ಕೂತ್ಕೊಳ್ಳಿ. ಕಣ್ಣು ಮುಚ್ಚಿ, ಸೋಪು ತಗೊಳ್ಳೋ ಹಾಗೆ ಕೈ ಚಾಚಿ."

ಅತ್ತೆ ನನ್ನತ್ತ ನೋಡಿದರು. ನಾನು ಬೇಕೆಂದೇ ಕಿಟಕಿಯತ್ತ ನೋಡಿದೆ. ಕೊನೆಗೆ ಕೂತರು. ಕಣ್ಣು ಮುಚ್ಚಿ, ನಿಜವಾಗಿ ಎಷ್ಟು ಬರುತ್ತದೋ ಅಷ್ಟೇ ಕೈ ಚಾಚಿದರು. ಮೇಸ್ತ್ರಿ ಅವರ ಬೆರಳ ತುದಿಗೆ ಪೆನ್ಸಿಲ್ ಗುರುತು ಹಾಕಿದರು. ಗುರುತು ಬಿದ್ದದ್ದು ಟೈಲ್ಸಿನ ನಟ್ಟನಡುವೆ.

"ನಿನ್ನ ಗೆರೆ ಹಾಳಾಗುತ್ತಲ್ಲಪ್ಪಾ" ಎಂದರು ಅತ್ತೆ. "ನಾಲ್ಕು ಬೆರಳು ಮೇಲೆ, ಆ ಗೆರೆಗೇ ಮಾಡಿದ್ರೂ ನಡೆಯುತ್ತೆ ಬಿಡು."

"ನಡೆಯಲ್ಲಮ್ಮಾ. ಆ ನಾಲ್ಕು ಬೆರಳಿಗೆ ನೀವು ಎದ್ದು ನಿಲ್ತೀರ, ಜಾರ್ತೀರ. ಗೆರೆ ತಪ್ಪಿದ್ರೆ ಗೋಡೆಗೇನು ನೋವಾಗುತ್ತಾ?"

ಗೋಡೆಗೆ ಆಗಲಿಲ್ಲ, ಮೇಸ್ತ್ರಿಗೆ ಆಯಿತು. ತಾವೇ ನಯಮಾಡಿದ ಗೋಡೆಗೆ ಮೊದಲ ಉಳಿಯೇಟು ಹಾಕುವಾಗ ಅವರ ಮುಖ ಹಿಂಡಿದಂತಾದದ್ದನ್ನು ನಾನು ನೋಡಿದೆ. ಮೇಲಿನ ಗೂಡು ನಿಂತು ಸ್ನಾನ ಮಾಡುವವರಿಗೆಂದು ಉಳಿಯಿತು. ಕೆಳಗೆ, ಒಂದಿಷ್ಟು ಪಕ್ಕಕ್ಕೆ ಸರಿದು ಇನ್ನೊಂದು ಹುಟ್ಟಿತು. ನೀರು ಇಂಗದ ಲೇಪ ಬಳಿದು, ಒಣಗಲು ಬಿಟ್ಟು, ಮತ್ತೆ ಬಳಿದು, ಆರು ದಿನ ಹಿಡಿಯಿತು. ಬೇರೆಯವರ ಕೆಲಸದಲ್ಲಿ ಕಂಡಿದ್ದರೆ ಛೀಮಾರಿ ಹಾಕುತ್ತಿದ್ದಂಥ ಚೂರುಪಾರು ಪಟ್ಟಿಗಳನ್ನು ಅದರ ಸುತ್ತ ತಮ್ಮ ಕೈಯಾರೆ ಕೂರಿಸಿದರು.

"ಯಾರಾದ್ರೂ ಕೇಳಿದ್ರೆ ಮೇಲಿಂದು ಮಾತ್ರ ನಂದು ಅನ್ನಿ" ಎಂದು ನಗುತ್ತ ಹೋದರು. ನಾನು ಎಲ್ಲರಿಗೂ ಮೊದಲು ತೋರಿಸುವುದು ಕೆಳಗಿನದನ್ನೇ. ಆ ಮನುಷ್ಯನ ಉಪಕಾರವನ್ನು ನಾನು ಮರೆಯುವಂತಿಲ್ಲ. ಗೂಡಿಗಿಂತ ಹೆಚ್ಚಾಗಿ, ಅತ್ತೆಯ ಸುಳ್ಳನ್ನು ತಮ್ಮ ತಪ್ಪೆಂದು ಹೊತ್ತುಕೊಂಡು ಆಕೆಯ ಮಾನ ಕಾಪಾಡಿದರಲ್ಲ, ಅದಕ್ಕೆ ಮನಸಾರೆ ಕೈ ಮುಗಿಯುತ್ತೇನೆ.

ಗೂಡು ಪೂರ್ತಿ ಒಣಗಿದ ಮೇಲೆ ಅತ್ತೆ ಒಳಗೆ ಹೋದರು. ಚಿಲಕ ಬಿತ್ತು. ಒಮ್ಮೆ ಮೋಸಹೋದವಳು ನಾನು, ಈ ಸಲ ಬಾಗಿಲ ಬಳಿಯೇ ನಿಂತೆ. ನೀರಿನ ಸದ್ದು ಬಂತು, ನಿಂತಿತು. ಏನೂ ಕೇಳಿಸದು. ಬಾಗಿಲಿಗೆ ಕಿವಿಯಿಟ್ಟೆ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಸೋಪಿನ ಘಮ ಬಂತು. ನನ್ನ ಕಣ್ಣು ತುಂಬಿ, ಮೂಗು ಸೊರ್ ಎಂದಿತು.

"ಯಾರೇ ಅದು? ಸ್ನಾನ ಮಾಡೋರ ಬಾಗಿಲಲ್ಲಿ ನಿಲ್ಲೋಕೆ ನಾಚಿಕೆ ಆಗಲ್ವಾ? ಹೋಗು, ನಿನ್ನ ಕೆಲಸ ನೋಡ್ಕೋ!"

ಅತ್ತೆ ಹೀಗೆ ಬಾಯ್ತುಂಬ ಬೈದು ಎರಡು ವರ್ಷವಾಗಿತ್ತು.