ಬೇಡ ಎನ್ನದವರ ಒಪ್ಪಿಗೆ

ಕಾರ್ಕಳದ ಶಾಲೆಗೆ ಟೀಚರಾಗಿ ಸೇರಿದ ಮೇಲೆ ಇಂಗ್ಲಿಷಿನ ಒಂದು ಕ್ರಿಯಾಪದವನ್ನು ನಾನು ಬೇಕೆಂದೇ ಹಾರಿಸಿಬಿಡುತ್ತಿದ್ದೆ. ಒಪ್ಪುವುದಕ್ಕೆ ಆ ಭಾಷೆಯಲ್ಲಿ ಶಬ್ದಗಳಿಗೇನು ಬರವೇ? ಅಗ್ರೀ ಇದೆ, ಕನ್ಸೆಂಟ್ ಇದೆ, ಅಕ್ಸೆಪ್ಟ್ ಇದೆ. ಇವನ್ನೆಲ್ಲ ಬೋರ್ಡಿನ ಮೇಲೆ ಬರೆದು, ಅರ್ಥ ಹೇಳಿ, ವಾಕ್ಯ ಮಾಡಿಸುತ್ತಿದ್ದೆ. ಅಕ್ವಿಯೆಸ್ ಎಂಬುದು ಬಂದಾಗ ಮಾತ್ರ, “ಅದು ಪರೀಕ್ಷೆಗೆ ಬರುವುದಿಲ್ಲ, ಮುಂದಿನ ಪುಟ ತೆಗೆಯಿರಿ” ಎಂದು ಗದರುತ್ತಿದ್ದೆ. ಮಕ್ಕಳಿಗೇನು, ಒಂದು ಶಬ್ದ ಕಡಿಮೆಯಾಯಿತೆಂದು ಖುಷಿ.

ನನಗೆ ಅದನ್ನು ಕಲಿಸಿದವರು ಉಡುಪಿಯಲ್ಲಿ ಟ್ರೈನಿಂಗಿಗೆ ಹೋಗಿದ್ದಾಗ ಇಂಗ್ಲಿಷ್ ಹೇಳಿಕೊಟ್ಟ ಒಬ್ಬ ಕೊಂಕಣಿ ಕ್ರಿಶ್ಚನ್ ಹೆಂಗಸು. ಅವರಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ನಾವೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ಸಣ್ಣ ಆಳು, ಸ್ವರ ಮಾತ್ರ ಇಗರ್ಜಿಯ ಗಂಟೆ. “ನಿಮ್ಮ ಮನಸ್ಸು ಹೌದು ಅಂದರೆ ಅಗ್ರೀ. ಯಾರೋ ಕೇಳಿದರು, ಆಗಲಿ ಮಾಡಿ ಅಂತ ನೀವು ಬಿಟ್ಟುಕೊಟ್ಟಿರಿ, ಅದು ಕನ್ಸೆಂಟ್. ಇನ್ನೊಂದು ಉಂಟು. ಮನಸ್ಸು ಬೇಡ ಅನ್ನುತ್ತದೆ, ಬಾಯಿ ಅನ್ನುವುದಿಲ್ಲ. ಉಳಿದವರು ಅದನ್ನೇ ಹೌದು ಅಂತ ಹಿಡಿದುಕೊಂಡು ಮುಂದೆ ಹೋಗುತ್ತಾರೆ. ಅದು ಅಕ್ವಿಯೆಸ್. ಅದರ ನಂತರ ‘ಇನ್’ ಹಾಕಬೇಕು, ಮರೆಯಬೇಡಿ. ಈಗ ಒಂದೊಂದು ಉದಾಹರಣೆ ಕೊಡಿ ನೋಡುವ.”

ಒಬ್ಬಳು ಎದ್ದು ಅತ್ತೆ ಸೊಸೆಯ ಉದಾಹರಣೆ ಕೊಟ್ಟಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನ್ನ ಸರದಿ ಬಂದಾಗ ನಾನು ಎದ್ದು ನಿಂತೆ, ಹಾಗೆಯೇ ಕುಳಿತೆ. “ಎಂತ ಮಾರಾಯ್ತಿ, ಅರ್ಥ ಆಗಲಿಲ್ಲವಾ?” ಎಂದು ಬಾಯಿ ಕೇಳಿದರು. ಅರ್ಥವಾಗದೆ ಏನು! ಅಷ್ಟು ಚೆನ್ನಾಗಿ ಯಾವ ಶಬ್ದವೂ ನನಗೆ ಅರ್ಥವಾಗಿರಲಿಲ್ಲ.

ನಮ್ಮದು ಕಾಪುವಿನ ಕಡಲ ಕರೆಯ, ಅಂದರೆ ದಡದ ಮನೆ. ಮನೆ ಅಜ್ಜಿಯದು, ಅಂದರೆ ಅಮ್ಮನ ಅಮ್ಮನದು. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುವುದು. ಅಪ್ಪ ಆ ಮನೆಗೆ ಬಂದ ಅಳಿಯ. ಅಮ್ಮನ ತಮ್ಮ, ನನ್ನ ಮಾವ, ಆ ಮನೆಯ ಕಣ್ಣು. ಮಾವ ಅಂಗಳಕ್ಕೆ ಕಾಲಿಟ್ಟರೆ ನಾಯಿಯಿಂದ ಹಿಡಿದು ಅಜ್ಜಿಯವರೆಗೆ ಎಲ್ಲರ ಮುಖ ಅರಳುತ್ತಿತ್ತು. ನನಗಂತೂ ಮಾವನೆಂದರೆ ಜೀವ.

ಅಪ್ಪ ನಮ್ಮೂರಿನ ರಂಪಣಿ ತಂಡದ ತಂಡೇಲರು, ದೋಣಿಯ ಚುಕ್ಕಾಣಿ ಹಿಡಿಯುವವರು. ರಂಪಣಿ ಎಂದರೆ ಬಲು ದೊಡ್ಡ ಬಲೆ. ದೋಣಿ ಅದನ್ನು ಹೊತ್ತು ಕಡಲಿಗೆ ಹೋಗಿ ಅರ್ಧ ಸುತ್ತು ಬಿಟ್ಟು ಬರುತ್ತದೆ, ದಡದಲ್ಲಿ ಊರಿನ ಗಂಡಸರೆಲ್ಲ ಎರಡು ತುದಿ ಹಿಡಿದು ಎಳೆಯುತ್ತಾರೆ. ತಂಡದಲ್ಲೊಂದು ಕಟ್ಟಳೆಯಿತ್ತು. ಮಳೆಗಾಲ ಮುಗಿದು ಮೊದಲ ಸಲ ದೋಣಿ ನೀರಿಗಿಳಿಸುವ ಬೆಳಿಗ್ಗೆ ಊರಿನ ಮುಖ್ಯಸ್ಥರಾದ ಗುರಿಕಾರರು ಎಲ್ಲರನ್ನೂ ನಿಲ್ಲಿಸಿ ಕೇಳುತ್ತಿದ್ದರು: “ಯಾರಿಗಾದರೂ ಬೇಡ ಅಂತ ಉಂಟಾ?” ಒಬ್ಬನೇ ಒಬ್ಬ ಬೇಡ ಎಂದರೂ ಸಾಕು, ಆ ದಿನ ದೋಣಿ ಇಳಿಯುವುದಿಲ್ಲ. ಯಾಕೆಂದು ಕೇಳುವಂತಿಲ್ಲ. ಯಾರೂ ಏನೂ ಹೇಳದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಹೌದು ಎನ್ನುವ ಪದ್ಧತಿಯೇ ಇರಲಿಲ್ಲ.

ನಾನು ಹುಡುಗಿಯಾಗಿದ್ದಾಗ ಒಂದು ವರ್ಷ ಅಪ್ಪ ಬೇಡ ಎಂದಿದ್ದರು. ಎಂದದ್ದೇ ತಪ್ಪಾಯಿತು. ಆ ದಿನ ಕಡಲು ಮಲಗಿದ ಎಮ್ಮೆಯ ಹಾಗೆ ತಣ್ಣಗಿತ್ತು. ಮಲ್ಪೆಯವರಿಗೆ ಬಲೆ ಹರಿಯುವಷ್ಟು ಬಂಗುಡೆ ಸಿಕ್ಕಿತು. ಯಾಕೆಂದು ಕೇಳಬಾರದು ನಿಜ, ತಮಾಷೆ ಮಾಡಬಾರದೆಂದು ಕಟ್ಟಳೆಯಲ್ಲಿ ಇಲ್ಲವಲ್ಲ! ವರ್ಷವಿಡೀ ಅಪ್ಪನನ್ನು ಹುರಿದು ಮುಕ್ಕಿದರು. ಎಲ್ಲರಿಗಿಂತ ಮುಂದೆ ಮಾವನೇ. “ಭಾವನಿಗೆ ಇವತ್ತು ನೆಗಡಿ. ಹಾಗಾದರೆ ಕಡಲಿಗೂ ನೆಗಡಿ, ಬಲೆ ಮಡಚಿ ಮಾರಾಯ್ರೇ!” ಅಪ್ಪ ನಗುತ್ತಿದ್ದರು. ಅದು ನಗುವಲ್ಲ ಎಂದು ನನಗೂ ತಿಳಿಯುತ್ತಿತ್ತು.

ಮರುವರ್ಷದ ಆಟಿ, ಅಂದರೆ ಆಷಾಢದ ತಿಂಗಳು ಕೆಟ್ಟದ್ದು. ಮಳೆ ಬಿಡಲೇ ಇಲ್ಲ. ಒಣಮೀನು ಮುಗಿದಿತ್ತು, ಗಂಜಿಯಲ್ಲಿ ಅಗುಳು ಹುಡುಕಬೇಕಾಗಿತ್ತು. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟಾಯಿತು. ಬಿಟ್ಟ ಕಾಯಿಯನ್ನು ತೆರೆ ಮತ್ತೆ ಮತ್ತೆ ದಡಕ್ಕೇ ತಂದು ಹಾಕುತ್ತಿತ್ತು. ಹೆಂಗಸರು ಅದನ್ನು ನೋಡಿಯೂ ನೋಡದ ಹಾಗೆ ಮನೆಗೆ ನಡೆದರು. ಸಂಜೆ ಅಪ್ಪ ಒಬ್ಬರೇ ಬಹಳ ಹೊತ್ತು ನೀರಿನಲ್ಲಿ ಕಾಲಿಟ್ಟು ನಿಂತಿದ್ದರು. ಹಿಮ್ಮಡಿಯಡಿಯ ಮರಳನ್ನು ಕಡಲು ಎಳೆಯುವ ರೀತಿಯಲ್ಲಿ ಅದರ ಬುದ್ಧಿ ತಿಳಿಯುತ್ತದೆ ಎಂದು ಅವರು ಹೇಳುವುದಿತ್ತು. ದೀಪಸ್ತಂಭದ ಬಂಡೆಯ ಕಡೆಯಿಂದ ಹೊಟ್ಟೆಯೊಳಗೆ ಗುಡುಗಿದಂಥ ಶಬ್ದ ಬರುತ್ತಿತ್ತು. ಗಾಳಿ ಮಾತ್ರ ಇರಲಿಲ್ಲ.

ಬೆಳಿಗ್ಗೆ ಬಿಸಿಲು ಬಂತು. ಹಾಳಾದ ಬಿಸಿಲು! ಎಷ್ಟೋ ವಾರಗಳ ಮೇಲೆ ಬಂದ ಆ ಬಿಸಿಲನ್ನು ಕಂಡು ಊರೇ ಕಡಲಿಗೆ ಓಡಿತು. ಹೆಂಗಸರು ಬುಟ್ಟಿ ಹಿಡಿದು ಮೇಲೆ ನಿಂತರು, ನಾನು ಅಮ್ಮನ ಪಕ್ಕದಲ್ಲಿದ್ದೆ. ನೀರು ಹಸಿರಾಗಿರಲಿಲ್ಲ, ನೀಲಿಯೂ ಅಲ್ಲ, ಕಲಸಿದ ಸಗಣಿಯ ಬಣ್ಣ. ನೊರೆ ಹಳದಿಗಟ್ಟಿತ್ತು. ಕಾಗೆಗಳು ದೋಣಿಯ ಮೇಲೆ ಕುಳಿತುಕೊಳ್ಳುವುದು ಬಿಟ್ಟು ತೆಂಗಿನ ಮರದಿಂದ ಇಳಿಯಲೇ ಇಲ್ಲ.

ಗುರಿಕಾರರು ಕೇಳಿದರು: “ಯಾರಿಗಾದರೂ ಬೇಡ ಅಂತ ಉಂಟಾ?”

ಎಲ್ಲರ ಕಣ್ಣೂ ಅಪ್ಪನ ಮೇಲೆ. ಅಪ್ಪನ ಕಣ್ಣು ನೀರಿನ ಮೇಲೆ. ಅವರ ತುಟಿ ಒಮ್ಮೆ ತೆರೆದು ಮುಚ್ಚಿದ್ದು ನನಗೆ ಅಷ್ಟು ದೂರಕ್ಕೂ ಕಂಡಿತು. ಹೇಳುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡೆ.

“ಎಂತ ಭಾವ, ಮೂಗು ಸೋರುತ್ತದಾ?” ಎಂದರು ಮಾವ.

ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪ ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡರು. ಗುರಿಕಾರರು ಇನ್ನೂ ಸ್ವಲ್ಪ ಹೊತ್ತು ಕಾದರು, ಅವರ ಮುಖದಲ್ಲೂ ನಗುವಿರಲಿಲ್ಲ. ಆಮೇಲೆ “ಆವು” ಎಂದರು. ಆಗಲಿ ಎಂದರ್ಥ. ಗಂಡಸರು ದೋಣಿಗೆ ಹೆಗಲು ಕೊಟ್ಟರು.

ಮೊದಲ ತೆರೆ ದಾಟಿತು. ಎರಡನೆಯದೂ ದಾಟಿತು. ಮಾವ ಬಲೆಯ ರಾಶಿಯ ಪಕ್ಕದಲ್ಲಿ ನಿಂತು ನಮ್ಮ ಕಡೆ ಕೈ ಬೀಸಿದರು. ಆಗ ಎಲ್ಲಿಂದಲೋ ಒಂದು ತೆರೆ ಸದ್ದಿಲ್ಲದೆ ಎದ್ದಿತು. ಅಪ್ಪ ಚುಕ್ಕಾಣಿಯ ಮೇಲೆ ಮೈಯೆಲ್ಲ ಹಾಕಿ ಒರಗಿದ್ದು ಕಂಡಿತು, ದೋಣಿ ಅಡ್ಡ ತಿರುಗಿದ್ದು ಕಂಡಿತು. ಮತ್ತೆ ಕಂಡದ್ದು ದೋಣಿಯ ಅಡಿ. ಒಬ್ಬೊಬ್ಬರೇ ಈಜಿ ಬಂದರು. ಅಪ್ಪ ಕೊನೆಗೆ ಬಂದರು, ಬಂದವರೇ ಮಾವನನ್ನು ಹುಡುಕಲು ಮತ್ತೆ ನೀರಿಗೆ ತಿರುಗಿದರು, ಅವರನ್ನು ಹಿಡಿದು ಎಳೆದು ತರಬೇಕಾಯಿತು. ಮಾವನ ಕಾಲು ಬಲೆಯೊಳಗೆ ಸಿಕ್ಕಿತ್ತಂತೆ. ಮರುದಿನ ಕಡಲು ಅವರನ್ನು ಪಡುಬಿದ್ರಿಯ ಕಡೆ ದಡಕ್ಕೆ ಹಾಕಿತು.

ಊರಿನ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ? ತಂಡೇಲನಿಗೆ ಗೊತ್ತಾಗದೆ ಇರುತ್ತದಾ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ, ತಮಾಷೆ ಮಾಡಿದ್ದಕ್ಕೆ ಸೇಡು ತೀರಿಸಿಕೊಂಡ ಎಂದರು. ನಿನ್ನೆ ನಕ್ಕವರೇ ಹಾಗೆಂದರು, ನಾಚಿಕೆಯಿಲ್ಲದವರು. ಅಜ್ಜಿ ಕೇಳಿದ್ದು ಒಂದೇ ಮಾತು: “ನಿನಗೆ ಗೊತ್ತಿತ್ತಾ?” ಅಪ್ಪ ಗೊತ್ತಿತ್ತು ಎಂದರು. ಅಂದಿನಿಂದ ಅಜ್ಜಿ ಅವರ ಹತ್ತಿರ ಮಾತಾಡಲಿಲ್ಲ. ಅವರ ಊಟ ಹೊರಗಿನ ಚಾವಡಿಗೆ ಹೋಯಿತು, ಒಳಗೆ ಅವರಿಗೆ ಮಣೆ ಹಾಕುವುದು ನಿಂತಿತು. ಅಪ್ಪ ಮತ್ತೆ ಚುಕ್ಕಾಣಿ ಮುಟ್ಟಲಿಲ್ಲ. ಬೇರೆಯವರ ಹರಿದ ಬಲೆ ಹೊಲಿಯುತ್ತ ಚಾವಡಿಯಲ್ಲೇ ಕುಳಿತರು. ನನಗೂ ಅವರ ಮೇಲೆ ಸಿಟ್ಟು. ಎರಡಕ್ಷರದ ಒಂದು ಮಾತು, ಅದನ್ನು ಆಡಿದ್ದರೆ ನನ್ನ ಮಾವ ಉಳಿಯುತ್ತಿದ್ದರು.

ಉಡುಪಿಯಲ್ಲಿ ಆ ಶಬ್ದ ಕಲಿತ ಶನಿವಾರ ನಾನು ಕಾಪುವಿಗೆ ಬಸ್ಸು ಹತ್ತಿದ್ದು ಆ ಸಿಟ್ಟನ್ನು ಕಟ್ಟಿಕೊಂಡೇ. ಅಮ್ಮ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದರು. ನಾನು ಅವರ ಎದುರು ಕುಳಿತು ಬಾಯಿ ಹೇಳಿಕೊಟ್ಟ ಪಾಠವನ್ನೆಲ್ಲ ಒಪ್ಪಿಸಿದೆ. “ಇಂಗ್ಲಿಷಿನವರು ಅದಕ್ಕೊಂದು ಶಬ್ದವನ್ನೇ ಮಾಡಿಟ್ಟಿದ್ದಾರೆ ಅಮ್ಮ. ಮನಸ್ಸಿನಲ್ಲಿ ಬೇಡ, ಬಾಯಲ್ಲಿ ಮೌನ. ನಮ್ಮ ಚಾವಡಿಯಲ್ಲಿ ಕುಳಿತಿದ್ದಾರಲ್ಲ, ಅವರಿಗೆಂದೇ ಮಾಡಿದ್ದು.”

ಅಮ್ಮ ಕತ್ತಿ ನಿಲ್ಲಿಸಿದರು.

“ಅವರು ನನ್ನ ಹತ್ತಿರ ಹೇಳಿದ್ದರು” ಎಂದರು. “ದೋಣಿ ಇಳಿಸುವ ಹಿಂದಿನ ಸಂಜೆಯೇ. ಕಡಲು ಸರಿ ಇಲ್ಲ, ನಾಳೆ ಬೇಡ ಅನ್ನುತ್ತೇನೆ ಅಂತ. ನಾನು ಅಕ್ಕಿಯ ಮಡಕೆ ಎತ್ತಿ ಕವಚಿ ತೋರಿಸಿದೆ. ಈ ಸಲವೂ ಬೇಡ ಅಂದರೆ ನನ್ನ ಮಕ್ಕಳಿಗೆ ಮರಳು ಬೇಯಿಸಿ ಹಾಕಲಾ, ನನ್ನ ತಮ್ಮ ನಿಮ್ಮನ್ನು ನಗಾಡುವುದು ಸುಮ್ಮನೆ ಅಲ್ಲ ಅಂತ ಹೇಳಿದೆ. ಬಾಯಿ ತೆರೆಯಬೇಡಿ ಅಂದೆ. ಅವರು ಆಯಿತು ಅಂದರು.”

ನಾನು ಬಾಗಿಲಿನಿಂದ ಚಾವಡಿಯ ಕಡೆ ನೋಡಿದೆ. ಆಮೇಲೆ ಕೇಳಿದೆ: “ಇಷ್ಟು ವರ್ಷ ಅಜ್ಜಿಗೆ ಯಾಕೆ ಹೇಳಲಿಲ್ಲ?”

“ತಮ್ಮನನ್ನು ಸುಟ್ಟು ಬಂದ ದಿನವೇ ಹೇಳಲಿಕ್ಕೆ ಎದ್ದಿದ್ದೆ. ಇವರು ನನ್ನ ಕೈ ಹಿಡಿದು ಬೇಡ ಅಂದರು. ನಾನು ಹೊರಗಿನವನು, ನನ್ನನ್ನು ದೂರ ಮಾಡಿಯೂ ನಿನ್ನ ಅಮ್ಮ ಬದುಕುತ್ತಾರೆ, ಮಗನ ಜೊತೆ ಮಗಳೂ ಹೋದರೆ ಬದುಕುವುದಿಲ್ಲ ಅಂದರು.” ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಆವತ್ತು ಸರಿಯಾಗಿ ಅಂದರು ನೋಡು, ಬೇಡ ಅಂತ.”

ಒಳಕೋಣೆಯಿಂದ ಅಜ್ಜಿಯ ಸ್ವರ ಬಂತು: “ಹೊತ್ತಾಯಿತು. ಹೊರಗಿನವನಿಗೆ ಊಟ ಕೊಟ್ಟು ಬನ್ನಿ.”

ಅಮ್ಮ ಏನೂ ಹೇಳದೆ ಕೈ ತೊಳೆದು, ಬಟ್ಟಲಿಗೆ ಅನ್ನ ಬಡಿಸಿಕೊಂಡು ಚಾವಡಿಗೆ ಹೋದರು.