ತೀರಾ ಸಮನಾದ ಬಾಚಣಿಗೆಗಳು

ಕರಕುಶಲ ಮೇಳ ನಡೆಸುವ ಸಂಘದಲ್ಲಿ ಆಕೆಗೆ ಭೂತಗನ್ನಡಿ ಅಕ್ಕ ಎಂದೇ ಹೆಸರು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಪೂರ್ತಿ ಹೆಸರು. ಮೇಳಕ್ಕೆ ಬರುವ ಸಾಮಾನು ನಿಜಕ್ಕೂ ಕೈಯಲ್ಲೇ ಮಾಡಿದ್ದೋ, ಕಾರ್ಖಾನೆಯಿಂದ ತಂದು ಕೈಕೆಲಸ ಎಂದು ಮಾರುತ್ತಿರುವುದೋ ಎಂದು ನೋಡಿ ಹೇಳುವುದು ಆಕೆಯ ಕೆಲಸ. ಆಕೆ ಹೂಂ ಎಂದರೆ ಮಳಿಗೆ, ಊಹೂಂ ಎಂದರೆ ಬಂದ ದಾರಿಗೆ ಸುಂಕವಿಲ್ಲ.

ಇಪ್ಪತ್ತೆರಡು ವರ್ಷ ಅಂಗಿಗುಂಡಿ ಮಾಡುವ ಕಾರ್ಖಾನೆಯಲ್ಲಿ ತಪಾಸಣೆ ಮಾಡಿದ ಕಣ್ಣು ಅದು. ಯಂತ್ರ ಎಲ್ಲಿ ಹೇಗೆ ಗುರುತು ಬಿಡುತ್ತದೆ ಎಂಬುದು ಆಕೆಗೆ ಅಂಗೈ ಗೆರೆಯಷ್ಟು ಪರಿಚಿತ. ಒಮ್ಮೆ ಒಬ್ಬ ಮೂವತ್ತು ಮಣ್ಣಿನ ಹಕ್ಕಿಗಳನ್ನು ತಂದು, ಒಂದೊಂದಕ್ಕೂ ಒಂದು ವಾರ ಹಿಡಿಯಿತು ಎಂದು ಕಥೆ ಹೊಡೆದಿದ್ದ. ಈಕೆ ಎಲ್ಲವನ್ನೂ ಮಗುಚಿ ಸಾಲಾಗಿ ಮಲಗಿಸಿದಳು. ಮೂವತ್ತಕ್ಕೂ ಎಡರೆಕ್ಕೆಯ ಕೆಳಗೆ ಒಂದೇ ಜಾಗದಲ್ಲಿ ಒಂದೇ ಅಳತೆಯ ಕಚ್ಚು. "ಒಂದೇ ಅಚ್ಚಿನ ಮಕ್ಕಳು" ಎಂದಳು ಅಷ್ಟೆ. ಅವನು ಗಂಟುಮೂಟೆ ಕಟ್ಟಿದ. ಬಸ್ ಓಡಿಸುತ್ತಿದ್ದ ಆಕೆಯ ಗಂಡ, "ಮದುವೆಗೆ ಮುಂಚೆ ನನ್ನನ್ನೂ ಹೀಗೇ ಮಗುಚಿ ನೋಡಿದ್ರೆ ಪಾಪ, ಬಚಾವಾಗ್ತಿದ್ಲು" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ಆಕೆಗೆ ಒಂದು ಸೂತ್ರವಿತ್ತು. ಕೈಯಲ್ಲಿ ಮಾಡಿದ್ದು ಎಲ್ಲಾದರೂ ಒಂದು ಕಡೆ ಸೊಟ್ಟಗಿರಲೇಬೇಕು. ಎಲ್ಲೂ ಸೊಟ್ಟವಿಲ್ಲದ್ದು ಯಂತ್ರದ್ದು. ಅಂಥವುಗಳ ಮುಂದೆ ರಿಜಿಸ್ಟರಿನಲ್ಲಿ ‘ತೀರಾ ಸಮ’ ಎಂದು ಬರೆದು ವಾಪಸು ಕಳಿಸುತ್ತಿದ್ದಳು.

ಆ ವರ್ಷದ ಮೇಳಕ್ಕೆ ಮೂರು ದಿನವಿದೆ ಎನ್ನುವಾಗ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಮರದ ಬಾಚಣಿಗೆಗಳನ್ನು ತಂದಳು. ಒಟ್ಟು ನಲವತ್ತು. ಅಕ್ಕ ಮೊದಲನೆಯದನ್ನು ಅಳೆದಳು, ಹಲ್ಲು ಎಣಿಸಿದಳು. ಮೂವತ್ತಾರು. ಎರಡನೆಯದಕ್ಕೂ ಮೂವತ್ತಾರು. ಹಲ್ಲುಗಳ ಸಂದಿನಲ್ಲಿ ಅಳತೆಪಟ್ಟಿ ಇಟ್ಟರೆ ಕೂದಲೆಳೆಯ ವ್ಯತ್ಯಾಸವಿಲ್ಲ.

"ತಗೊಂಡು ಹೋಗಮ್ಮ. ಇದು ಮಿಷಿನ್ ಕೆಲಸ."

ಹೆಂಗಸು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ನಮ್ಮತ್ತೆ ಮಾಡಿದ್ದು ಇವು. ಮಿಷಿನ್ ಅಂದ್ರು ಅಂತ ಮನೇಲಿ ಹೇಳಿದ್ರೆ ನನ್ನನ್ನ ಒಳಗೆ ಬಿಟ್ಕೊಳಲ್ಲ. ನೀವೇ ಬಂದು ಹೇಳಿ ಅಕ್ಕ" ಎಂದಳು.

ಅಕ್ಕನಿಗೆ ನಗು ಬಂತು. ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದು ಹೋದಳು.

ಟೈರಿಗೆ ಪಂಕ್ಚರ್ ಹಾಕುವ ಅಂಗಡಿ, ಅದರ ಪಕ್ಕದಲ್ಲಿ ಇಕ್ಕಟ್ಟಾದ ಮೆಟ್ಟಿಲು, ಮೇಲೆ ಒಂದೇ ಕಿಟಕಿಯ ಕೋಣೆ. ನೆಲದ ತುಂಬ ಮರದ ಹೊಟ್ಟು. ಕಿಟಕಿಯ ಬುಡದಲ್ಲಿ ತಗ್ಗಾದ ಮಣೆಯ ಮೇಲೆ ಅತ್ತೆ ಕೂತಿದ್ದರು. ಎಪ್ಪತ್ತು ದಾಟಿದ, ದಪ್ಪ ಬೆರಳುಗಳ ಹೆಂಗಸು.

"ಕೂತ್ಕೊ ತಾಯಿ. ಬೆಳಕಿಗೆ ಅಡ್ಡ ಬರಬೇಡ" ಎಂದರು, ತಲೆ ಎತ್ತದೆ.

ಅವರ ಕೈಯಲ್ಲಿದ್ದ ಗರಗಸವನ್ನು ಅಕ್ಕ ಜನ್ಮದಲ್ಲಿ ಕಂಡಿರಲಿಲ್ಲ. ಒಂದೇ ಹಿಡಿಗೆ ಅಕ್ಕಪಕ್ಕ ಬಿಗಿದ ಎರಡು ಅಲಗು, ಒಂದು ಆಳ, ಇನ್ನೊಂದು ಗಿಡ್ಡ. ಆಳದ್ದು ಒಂದು ಸೀಳನ್ನು ಕೊಯ್ದು ಮುಗಿಸುವಷ್ಟರಲ್ಲಿ ಗಿಡ್ಡದ್ದು ಮುಂದಿನ ಸೀಳಿನ ಜಾಗದಲ್ಲಿ ಸಣ್ಣ ಗೀರು ಹಾಕಿರುತ್ತಿತ್ತು. ಆಮೇಲೆ ಆಳದ್ದು ಆ ಗೀರಿಗೆ ಇಳಿಯುತ್ತಿತ್ತು. ಹೀಗೆ ಪ್ರತಿ ಹಲ್ಲೂ ತನ್ನ ಪಕ್ಕದ ಹಲ್ಲಿನ ಅಳತೆಯನ್ನು ತಾನೇ ಕೊಡುತ್ತಿತ್ತು. ಸಂದುಗಳು ಸಮನಾದದ್ದು ಅದರಿಂದ. ಆದರೆ ಎಷ್ಟು ಆಳಕ್ಕೆ ಕೊಯ್ಯಬೇಕೆಂಬುದಕ್ಕೆ ಮರದ ಮೇಲೆ ಗೆರೆಯಿರಲಿಲ್ಲ, ತಡೆಯೂ ಇರಲಿಲ್ಲ. ಆದರೂ ಅಷ್ಟೂ ಸೀಳುಗಳು ದಾರ ಹಿಡಿದಂತೆ ಒಂದೇ ಸಾಲಿಗೆ ಬಂದು ನಿಂತವು.

"ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ?" ಅಕ್ಕ ಪಿಸುಗುಟ್ಟಿದಳು.

"ಸದ್ದು ಬದಲಾಗುತ್ತಲ್ಲ" ಎಂದರು ಅತ್ತೆ, ಕಿವಿ ಕೇಳುವವರಿಗೆಲ್ಲ ಇದು ಗೊತ್ತಿರಬೇಕು ಎನ್ನುವ ಹಾಗೆ.

ಅಕ್ಕ ಕಿವಿಗೊಟ್ಟಳು. ಕೆಳಗೆ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬಡಿದುಕೊಳ್ಳುತ್ತಿತ್ತು. ಗರಗಸದ ಸದ್ದು ಆಕೆಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಥರ ಕೇಳಿಸಿತು. ಆಕೆ ಕೇಳದ ಏನನ್ನೋ ಆ ಮುದುಕಿ ಐವತ್ತು ವರ್ಷದಿಂದ ಕೇಳುತ್ತಾ ಬಂದಿದ್ದರು.

"ನೀನೂ ಒಂದು ಕೈ ನೋಡು" ಎಂದು ಅತ್ತೆ ಗರಗಸ ಕೊಟ್ಟರು. ಅಕ್ಕ ಕೊಯ್ದ ಮೂರು ಹಲ್ಲು ಮೂರು ದಿಕ್ಕಿಗೆ ಹೋದವು, ನಾಲ್ಕನೆಯದು ಪಟ್ಟನೆ ಮುರಿಯಿತು. ಬಾಗಿಲಲ್ಲಿ ನಿಂತಿದ್ದ ಸೊಸೆ ನಗು ಮರೆಸಲು ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆ ಮಾತ್ರ ಆ ತುಂಡನ್ನು ಎತ್ತಿ ನೋಡಿ, "ನನ್ನ ಮೊದಲನೇದು ಇದಕ್ಕಿಂತ ಕೆಟ್ಟದಾಗಿತ್ತು" ಎಂದರು.

ಆಮೇಲೆ ತಾವು ಕೊಯ್ದಿದ್ದ ಬಾಚಣಿಗೆಯ ಒಂದೊಂದೇ ಹಲ್ಲಿನ ತುದಿಯನ್ನು ಉಜ್ಜುವ ಅರದಿಂದ ದುಂಡಗೆ ಮಾಡಿದರು. ಕೊನೆಗೆ ಸೊಸೆ ಅತ್ತೆಯ ಮುಂದೆ ಬೆನ್ನು ತಿರುಗಿಸಿ ಕೂತು ಜಡೆ ಬಿಚ್ಚಿದಳು. ಹೊಸ ಬಾಚಣಿಗೆ ನೆತ್ತಿಯಿಂದ ಸೊಂಟದವರೆಗೆ ಎಲ್ಲೂ ಸಿಕ್ಕದೆ ಇಳಿಯಿತು.

"ಪ್ರತಿಯೊಂದನ್ನೂ ಹೀಗೇ ನೋಡ್ತೀರಾ?"

"ಪ್ರತಿಯೊಂದನ್ನೂ. ಇವಳ ಕೂದಲಲ್ಲಿ ಓಡಿದ್ರೆ ಊರ ಕೂದಲಲ್ಲೆಲ್ಲ ಓಡುತ್ತೆ. ಸೊಸೆ ತರುವಾಗ ನಾನು ಬೇರೇನೂ ನೋಡಲಿಲ್ಲ, ಜಡೆ ನೋಡಿದೆ."

"ಸುಳ್ಳು ಅಕ್ಕ, ಅಡುಗೇನೂ ಕೇಳಿದ್ರು" ಎಂದಳು ಸೊಸೆ.

ಅಕ್ಕ ಆ ಬಾಚಣಿಗೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ನಿನ್ನೆ ಸಂದುಗಳನ್ನು ಅಳೆದವಳು ತುದಿಗಳನ್ನು ನೋಡಿಯೇ ಇರಲಿಲ್ಲ. ಪ್ರತಿ ತುದಿಯಲ್ಲೂ ಅರದ ಸಣ್ಣ ಗೀರುಗಳು, ಒಂದು ಹಲ್ಲಿನದು ಇನ್ನೊಂದರಂತಿಲ್ಲ. ಮೂವತ್ತಾರು ಹಲ್ಲಿನಲ್ಲೂ ಒಂದೊಂದು ಸಲ ಆ ಕೈ ಬಂದು ಹೋದ ಜಾಡು. ಆಕೆಗೆ ಸ್ವಲ್ಪ ಹೊತ್ತು ಕನ್ನಡಿಯಿಂದ ಕಣ್ಣು ತೆಗೆಯುವುದಕ್ಕೇ ಆಗಲಿಲ್ಲ.

ಬಾಚಣಿಗೆಗಳಿಗೆ ಮಳಿಗೆ ಸಿಕ್ಕಿತು. ಆದರೆ ಅಕ್ಕನಿಗೆ ನಿದ್ದೆ ಕೆಟ್ಟಿತು. ಹಳೆಯ ರಿಜಿಸ್ಟರುಗಳನ್ನು ತೆಗೆದು ‘ತೀರಾ ಸಮ’ ಎಂದು ಬರೆದಿದ್ದವುಗಳನ್ನು ಎಣಿಸಿದಳು. ಹದಿನೇಳು. ಹದಿನೇಳು ಜನಕ್ಕೂ ತನ್ನ ಕೈಯಾರೆ ಕಾಗದ ಬರೆದಳು: ‘ನಿಮ್ಮ ಉಪಕರಣ ತಂದು ನನ್ನ ಮುಂದೆ ಕೂತು ಮಾಡಿ ತೋರಿಸಿ. ನಾನು ತಪ್ಪಿದ್ದರೆ ಒಪ್ಪಿಕೊಳ್ಳುತ್ತೇನೆ.’ ಸಂಘದ ಕಾರ್ಯದರ್ಶಿ ತಲೆ ಚಚ್ಚಿಕೊಂಡರು. "ಸುಮ್ನೆ ಇರೋದು ಬಿಟ್ಟು ಇರುವೆ ಬಿಟ್ಕೊತೀರಲ್ಲ ಅಕ್ಕ."

ಒಂಬತ್ತು ಜನ ಬಂದರು. ಅದರಲ್ಲಿ ಆರು ಜನ ಉಪಕರಣ ಬಿಚ್ಚುವ ಹೊತ್ತಿಗೇ ತಡವರಿಸಿದರು. ಅವರ ಮಟ್ಟಿಗೆ ಅಕ್ಕನ ಹಳೆಯ ತೀರ್ಪು ಸರಿಯೇ ಇತ್ತು. ಮೂವರು ಮಾಡಿ ತೋರಿಸಿದರು.

ಮೂವರಲ್ಲಿ ಕೊನೆಯವನು ಮರದ ಡಬ್ಬಿ ಮಾಡುವವನು. ಆರು ವರ್ಷದ ಹಿಂದೆ ಈಕೆಯ ಮುಂದೆ ತಲೆ ತಗ್ಗಿಸಿ ಹೋಗಿದ್ದವನು. ಸಂಘದ ಹಿಂದಿನ ಕೋಣೆಯಲ್ಲಿ ಎರಡು ದಿನ ಕೂತು ಉಳಿ ಹಿಡಿದ. ಮುಗಿದ ಮೇಲೆ ಡಬ್ಬಿಯ ಬಾಯಿಗೆ ಮುಚ್ಚಳ ಇಟ್ಟು ಕೈ ಬಿಟ್ಟ. ಮುಚ್ಚಳ ಬೀಳಲಿಲ್ಲ. ಒಳಗಿನ ಗಾಳಿಗೆ ಹೊರಬರಲು ಕೂದಲೆಳೆಯಷ್ಟೇ ದಾರಿ ಉಳಿಯುವಷ್ಟು ಬಿಗಿಯಾಗಿ ಕೂತಿದ್ದ ಅದು, ತನ್ನ ಭಾರಕ್ಕೆ ತಾನೇ, ನಿಧಾನವಾಗಿ, ಉಸಿರು ಬಿಡುತ್ತಾ ಕೆಳಗಿಳಿಯತೊಡಗಿತು. ಕಾರ್ಯದರ್ಶಿಯೂ ಬಂದು ಬಾಗಿಲಲ್ಲಿ ನಿಂತರು.

ಮುಚ್ಚಳ ಪೂರ್ತಿ ಕೂತ ಮೇಲೆ ಅಕ್ಕ ಎದ್ದು ಅವನಿಗೆ ಕೈ ಮುಗಿದಳು. "ತಪ್ಪಾಯ್ತಪ್ಪ" ಎಂದಳು. ಆಮೇಲೆ, "ಇನ್ನೊಂದು ಸಲ ಬಿಡ್ತೀಯಾ? ನೋಡಬೇಕು" ಎಂದಳು.

ಅವನು ಮುಚ್ಚಳ ತೆಗೆದು ಮತ್ತೆ ಇಟ್ಟ.