ಗವಿಯೊಳಗೆ ಕಳೆದ ಅವ್ವನ ಲಿಂಗ

ಭಕ್ತ ಬಂಧುಗಳೇ, ನನ್ನ ಅವ್ವನ ಇಷ್ಟಲಿಂಗ ಕಳೆದುಹೋಗಿ, ಶಿವನ ದಯೆಯಿಂದ ಮತ್ತೆ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಸಿಹಿ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಹೋದ ಶ್ರಾವಣದಲ್ಲಿ ಗುಬ್ಬಿಯಿಂದ ನಾನು ಮತ್ತು ಅವ್ವ, ಕುಣಿಗಲ್‌ನಿಂದ ತಮ್ಮ, ತುಮಕೂರಿನಲ್ಲಿ ಟೂರ್ ಬಸ್ ಹತ್ತಿ ಆಂಧ್ರದ ಕಡೆಯ ಒಂದು ದೊಡ್ಡ ಗವಿ ನೋಡಲು ಹೋದೆವು. ನೆಲದಡಿ ಇಳಿದು, ಗೈಡ್ ಹಿಂದೆ ಬಗ್ಗಿ, ತೆವಳಿ ನಡೆಯಬೇಕು. ನಡುವೆ ಒಂದು ಉಬ್ಬುಗಲ್ಲಿಗೆ ಟಾರ್ಚ್ ಬಿಟ್ಟು ಅವನು, "ಉದ್ಭವ ಲಿಂಗ, ಕೈ ಮುಗೀರಿ" ಎಂದ. ಎದೆಯ ಮೇಲೆ ಲಿಂಗ ಕಟ್ಟಿಕೊಂಡವರು ಇನ್ನೊಂದಕ್ಕೆ ಎರಗಬೇಕಿಲ್ಲವೆಂದು ಗುರುಗಳು ಹೇಳಿಕೊಟ್ಟಿದ್ದರು. ಅವ್ವ ಕೇಳಬೇಕಲ್ಲ! ಕೆಸರಿನಲ್ಲೇ ಉದ್ದಕ್ಕೆ ಅಡ್ಡಬಿದ್ದಳು.

ಮೇಲೆ ಬಂದು ಪೂಜೆಗೆ ಕೂತಾಗ ಲಿಂಗದ ಕರಡಿಗೆಯೇ ಇಲ್ಲ. ಶಿವದಾರದ ಗಂಟು ಬಿಚ್ಚಿಹೋಗಿತ್ತು. ಪೂಜೆಯಾಗದೆ ಅವ್ವ ಗುಟುಕು ನೀರು ಕುಡಿಯುವವಳಲ್ಲ, ಮೇಲೆ ಶುಗರ್ ಬೇರೆ. ರಾತ್ರಿಯಿಂದ ಖಾಲಿ ಹೊಟ್ಟೆ. ಕೈಕಾಲು ನಡುಗತೊಡಗಿದವು.

"ಮಠದಲ್ಲಿ ಇನ್ನೊಂದ್ ಕಟ್ಟಿಸ್ಕೊಂಡ್ರಾಯ್ತು ಬುಡವ್ವ. ನಾಳೆ ವಸಂತನರಸಾಪುರದ ಫ್ಯಾಕ್ಟ್ರೀಲಿ ನಂಗೆ ಡ್ಯೂಟಿ ಐತೆ" ಎಂದ ತಮ್ಮ, ಉಂಡು ಕೈ ತೊಳೆಯುತ್ತಾ.

"ಅವ್ವನ್ನ ಇಲ್ಲೇ ಬಿಟ್ಟು ಹೋಗ್ತೀಯೇನ್ಲಾ?"

"ನೀನಿದೀಯಲ್ಲಕ್ಕ."

ಬಸ್ಸು ಹೊರಟಿತು, ಅವನೂ ಹೊರಟ. ಅವ್ವನ ಮಾತ್ರೆ ಚೀಲವನ್ನಾದರೂ ಇಳಿಸಿಕೊಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಅವ್ವನನ್ನು ಟಿಕೆಟ್ ಕೌಂಟರ್ ಬಳಿ ಕೂರಿಸಿ, ಮುಂದಿನ ತಂಡದ ಜೊತೆ ಮತ್ತೆ ಇಳಿದೆ. ಆ ಕಲ್ಲಿನ ಸುತ್ತ ಮೊಬೈಲ್ ಬೆಳಕಿನಲ್ಲಿ ಕೆದಕಿದೆ. ಕೆಸರೇ ಕೆಸರು. "ನಿಲ್ಬೇಡಿ ಮೇಡಂ, ನಡೀರಿ" ಎಂದು ಗೈಡ್ ರೇಗಿದ. ನನಗೆ ದೇವರ ಮೇಲೇ ಸಿಟ್ಟು ಬಂತು. "ಇಷ್ಟು ವರ್ಷ ಅವಳ ಎದೆ ಮೇಲೆ ಇದ್ಯಲ್ಲಪ್ಪಾ, ಈಗೆಲ್ಲಿ ಅಡಗಿದೀಯಾ? ಅವಳ ಜೀವ ಉಳಿಸೋಕಾದ್ರೂ ಬಾ" ಎಂದೆ.

ಅಷ್ಟರಲ್ಲಿ ಗವಿಯ ಕತ್ತಲು ಹೇಗಿರುತ್ತದೆಂದು ತೋರಿಸಲು, ಎಲ್ಲರ ಮೊಬೈಲ್ ಬೆಳಕನ್ನೂ ಆರಿಸಲು ಹೇಳಿ, ಗೈಡ್ ದೀಪಗಳನ್ನೆಲ್ಲ ಆರಿಸಿದ. ತಲೆ ಸುತ್ತಿ ಕುಸಿದು, ನೆಲಕ್ಕೆ ಕೈಯೂರಿದೆ. ಬೆರಳಿಗೆ ದಾರ ಸಿಕ್ಕಿತು. ಎಳೆದರೆ ಕರಡಿಗೆ! ಗೋಳೋ ಎಂದು ಅತ್ತುಬಿಟ್ಟೆ. ಬೆಳಕಿನಲ್ಲಿ ಕಾಣದ್ದನ್ನು ಕತ್ತಲಲ್ಲಿ ಕೈಗಿಟ್ಟವನು ಶಿವನಲ್ಲದೆ ಇನ್ಯಾರು?

ಅವ್ವ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು. ಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದು, ಕಣ್ಣು ಮುಚ್ಚಿ ಬೇಡಿಕೊಂಡಳು: "ನನ್ ಮಗ ಒಬ್ನೇ ಹೋದ ಕಣಪ್ಪಾ. ಅವನ್ನ ಯಾವಾಗ್ಲೂ ಚೆನ್ನಾಗಿಟ್ಟಿರು." ಮೈಯೆಲ್ಲ ಕೆಸರಾಗಿ ಎದುರಿಗೇ ನಿಂತಿದ್ದ ನನ್ನ ಹೆಸರು ಅವಳ ಬಾಯಿಗೆ ಬರಲಿಲ್ಲ.

ನನ್ನ ಮೊರೆ ಕೇಳಿದ ಶಿವ ಅವಳದನ್ನೂ ಕೇಳಿಯೇ ಕೇಳುತ್ತಾನೆ. ತಮ್ಮ ಚೆನ್ನಾಗಿಯೇ ಇರುತ್ತಾನೆ. ಶಿವನ ಪಾದಕ್ಕೆ ಶರಣು. ನನ್ನ ನಂಬಿಕೆ ಹಿಂದೆಂದಿಗಿಂತ ಗಟ್ಟಿಯಾಗಿದೆ, ಹೊಟ್ಟೆಯುರಿಯೂ ಹಾಗೇ ಇದೆ.